ಗಾಡಿಯ ಗಡಿಯಾರ, ಮೈಯ ಗಡಿಯಾರ

ಆಷಾಢ ಕಳೆದು ಹೊಗೆಸೊಪ್ಪು ಮುರಿಯಲು ಶುರುವಾಯಿತೆಂದರೆ ಹುಣಸೂರು, ಪಿರಿಯಾಪಟ್ಟಣದ ಹಳ್ಳಿಗಳಲ್ಲಿ ಸೊಪ್ಪು ಹದಮಾಡುವ ಬ್ಯಾರನ್ ಒಲೆಗಳು ಹಗಲೂ ರಾತ್ರಿ ಉರಿಯುತ್ತವೆ. ಸೊಪ್ಪು ಹದವಾಗಿ ಬೇಯಲು ಐದಾರು ದಿನ ಬೇಕು. ಅಷ್ಟೂ ದಿನ ಶಾಖ ಏರಬೇಕಾದಲ್ಲಿ ಏರಬೇಕು, ನಿಲ್ಲಬೇಕಾದಲ್ಲಿ ನಿಲ್ಲಬೇಕು. ಹಾಗಾಗಿ ಮನೆಯ ಒಬ್ಬರಾದರೂ ಒಲೆಯ ಹತ್ತಿರ ಚಾಪೆ ಹಾಸಿಕೊಂಡು ಬಿದ್ದುಕೊಳ್ಳುತ್ತಾರೆ. ಪಕ್ಕದಲ್ಲೇ ಸೌದೆ ರಾಶಿ. ಸೌದೆ ಸಂದಿಯಲ್ಲಿ ಇಲಿ, ಹಲ್ಲಿ. ಅವುಗಳ ಹಿಂದೆ ಹಾವು.

ಹೀಗೆ ಮಲಗಿದ ಒಬ್ಬನನ್ನು ರಾತ್ರಿ ಒಂದು ಗಂಟೆಗೆ ಕಟ್ಟುಹಾವು ಕಚ್ಚಿತು ಎಂದುಕೊಳ್ಳಿ. ಅದರ ಹಲ್ಲು ಸಣ್ಣದು. ನೋವಿಲ್ಲ, ಊತವಿಲ್ಲ, ರಕ್ತವೂ ಇಲ್ಲ. ಸೊಳ್ಳೆ ಕಚ್ಚಿರಬೇಕೆಂದು ಮಗ್ಗುಲಾಗುತ್ತಾನೆ. ಮೂರು ಗಂಟೆಗೆ ಹೊಟ್ಟೆನೋವು. ರಾತ್ರಿ ಉಂಡದ್ದರ ಮೇಲೆ ಅನುಮಾನ. ನಾಲ್ಕಕ್ಕೆ ಕಣ್ಣಿನ ರೆಪ್ಪೆ ಎತ್ತಲಾಗುವುದಿಲ್ಲ. ನಿದ್ದೆಗೆಟ್ಟದ್ದಕ್ಕೆ ಹೀಗೆ ಅನ್ನುತ್ತಾರೆ ಮನೆಯವರು. ನಾಲ್ಕೂವರೆಗೆ ಮಾತು ತೊದಲಿ, ಎಂಜಲು ನುಂಗಲಾಗದೆ ಹೋದಾಗ ಯಾರೋ 108ಕ್ಕೆ ಫೋನು ಮಾಡುತ್ತಾರೆ. ಆಂಬುಲೆನ್ಸಿನ ದಾಖಲೆಯಲ್ಲಿ ಗಡಿಯಾರ ಓಡತೊಡಗುವುದು ಈ ಗಳಿಗೆಯಿಂದ. ವಿಷದ ಗಡಿಯಾರ ಶುರುವಾಗಿ ಆಗಲೇ ಮೂರೂವರೆ ಗಂಟೆಯಾಗಿದೆ.

ಈ ಅಧ್ಯಾಯ ಆ ಎರಡು ಗಡಿಯಾರಗಳ ಜಗಳದ ಬಗ್ಗೆ.

ಕರ್ನಾಟಕದಲ್ಲಿ 108 ಸೇವೆ ‘ಆರೋಗ್ಯ ಕವಚ’ ಎಂಬ ಹೆಸರಿನಲ್ಲಿ ಶುರುವಾದದ್ದು 2008ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನ. 2005ರಲ್ಲಿ ಹೈದರಾಬಾದಿನಲ್ಲಿ ಹುಟ್ಟಿದ ಇಎಂಆರ್‌ಐ ಸಂಸ್ಥೆಯ ಮಾದರಿ ಅದು. ಗಾಡಿಯಲ್ಲಿ ಇಬ್ಬರು. ಸ್ಟೀರಿಂಗ್ ಹಿಡಿದವರನ್ನು ಆ ಕೆಲಸದವರ ಭಾಷೆಯಲ್ಲಿ ಪೈಲಟ್ ಅನ್ನುತ್ತಾರೆ, ಹಿಂದೆ ರೋಗಿಯ ಜೊತೆ ಕೂತವರು ಇಎಂಟಿ. ಹಳ್ಳಿಯವರ ಪಾಲಿಗೆ ಇಬ್ಬರೂ ‘108ನೋರು’. ಈ ಸೇವೆಯ ಗುಣಮಟ್ಟ ಅಳೆಯಲು ಸರ್ಕಾರ, ಪತ್ರಿಕೆ, ವಿರೋಧ ಪಕ್ಷ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಕರೆ ಬಂದ ಎಷ್ಟು ನಿಮಿಷಕ್ಕೆ ಗಾಡಿ ಬಂತು? ಪ್ರಶ್ನೆ ಸರಿಯಾದದ್ದೇ. ಆದರೆ ಅದೊಂದನ್ನೇ ಕೇಳುತ್ತಾ ಹೋದರೆ ಏನಾಗುತ್ತದೆ ಎಂಬುದನ್ನು ಇಂಗ್ಲೆಂಡ್ ನೋಡಿದೆ. ಅಲ್ಲಿ ಬಹುಕಾಲ ಎಂಟು ನಿಮಿಷದ ಗುರಿಯಿತ್ತು. ಗುರಿ ಮುಟ್ಟಿಸಲೆಂದೇ ಮೊದಲು ಒಂದು ಬೈಕನ್ನೋ ಕಾರನ್ನೋ ಅಟ್ಟುತ್ತಿದ್ದರು. ಗಡಿಯಾರ ಅಲ್ಲಿಗೆ ನಿಂತಿತು, ಲೆಕ್ಕ ಸರಿಯಾಯಿತು. ರೋಗಿಯನ್ನು ಮಲಗಿಸಿಕೊಂಡು ಹೋಗಬೇಕಾದ ಗಾಡಿ ಮಾತ್ರ ಇನ್ನೂ ಬರಬೇಕು. 2017ರಲ್ಲಿ ಅವರು ಆ ಪದ್ಧತಿಯನ್ನೇ ಬದಲಿಸಿ, ಕಾಯಿಲೆಗೆ ತಕ್ಕಂತೆ ಬೇರೆ ಬೇರೆ ಕಾಲಮಿತಿ ಇಟ್ಟುಕೊಂಡರು.

ಇನ್ನೊಂದು ಮಾತು ನಮ್ಮ ಗೋಡೆಬರಹಗಳಲ್ಲೂ ಭಾಷಣಗಳಲ್ಲೂ ಹಾಸುಹೊಕ್ಕಾಗಿದೆ: ‘ಗೋಲ್ಡನ್ ಅವರ್’, ಸುವರ್ಣ ಗಂಟೆ. ಅಮೆರಿಕದ ಬಾಲ್ಟಿಮೋರಿನ ಶಸ್ತ್ರವೈದ್ಯ ಆರ್. ಆಡಮ್ಸ್ ಕೌಲಿ ಇದನ್ನು ಪ್ರಚಾರಕ್ಕೆ ತಂದವರು. ಗಾಯಗೊಂಡವರಿಗೆ ಒಂದು ಗಂಟೆಯೊಳಗೆ ಚಿಕಿತ್ಸೆ ಸಿಗಬೇಕು ಎಂಬುದು ಅದರ ಸಾರ. 2001ರಲ್ಲಿ ಲರ್ನರ್ ಮತ್ತು ಮೊಸ್ಕಾಟಿ ಎಂಬಿಬ್ಬರು ಈ 60 ನಿಮಿಷದ ಮೂಲ ಹುಡುಕುತ್ತಾ ಹಳೆಯ ಪ್ರಬಂಧಗಳ ಬೆನ್ನು ಹತ್ತಿದರು. ಒಂದು ಪ್ರಬಂಧ ಇನ್ನೊಂದರತ್ತ ಕೈ ತೋರಿಸಿತು, ಅದು ಮತ್ತೊಂದರತ್ತ. ಕೊನೆಗೆ ಸಿಕ್ಕ ಪುರಾವೆ ಸೊನ್ನೆ. ಹಾಗೆಂದು ಬೇಗ ಹೋಗುವುದು ಬೇಡ ಎಂದಲ್ಲ. ಅರವತ್ತೇ ಯಾಕೆ, ಎಲ್ಲ ಕಾಯಿಲೆಗೂ ಒಂದೇ ಅಂಕಿ ಯಾಕೆ ಎಂಬುದಕ್ಕೆ ಉತ್ತರವಿಲ್ಲ ಅಷ್ಟೆ. ಎದೆ ಬಡಿತ ನಿಂತವನಿಗೆ ಗಂಟೆ ಎಂಬುದೇ ದುಬಾರಿ ಮಾತು. ಎದೆ ಒತ್ತುವವರಿಲ್ಲದಿದ್ದರೆ ಒಂದೊಂದು ನಿಮಿಷಕ್ಕೂ ಬದುಕುವ ಅವಕಾಶ ಶೇ. 7ರಿಂದ 10ರಷ್ಟು ಇಳಿಯುತ್ತದೆ. ಅವನ ಮಟ್ಟಿಗೆ ಆಂಬುಲೆನ್ಸ್ ಎಂದರೆ ಪಕ್ಕದಲ್ಲಿ ನಿಂತವರ ಎರಡು ಕೈ. ಹಾವು ಕಚ್ಚಿದವನ ಕಾಲದ ಲೆಕ್ಕ ಇನ್ನೊಂದು ಬಗೆ, ಅದೂ ಯಾವ ಹಾವು ಎಂಬುದರ ಮೇಲೆ.

ನಮ್ಮ ಬ್ಯಾರನ್ ಕಾವಲುಗಾರನ ಬಳಿಗೇ ಹೋಗೋಣ. ನರದ ತುದಿ ಸ್ನಾಯುವನ್ನು ಮುಟ್ಟುವ ಜಾಗದಲ್ಲಿ ಕೂದಲೆಳೆಗಿಂತ ಎಷ್ಟೋ ಸಣ್ಣ ಸಂದಿಯಿದೆ. ನರ ಅಲ್ಲಿಗೆ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಚಿಮ್ಮಿಸುತ್ತದೆ, ಸ್ನಾಯು ಅದನ್ನು ಹಿಡಿದುಕೊಂಡು ಸಂಕುಚಿಸುತ್ತದೆ. ನಾಗರಹಾವಿನ ವಿಷ ಈ ಸಂದಿಯ ಸ್ನಾಯುವಿನ ದಡದಲ್ಲಿ ಕೂತು, ರಾಸಾಯನಿಕ ಹಿಡಿಯುವ ಕೊಂಡಿಗಳನ್ನು ಮುಚ್ಚುತ್ತದೆ. ಕೊಂಡಿ ಮುಚ್ಚಿದೆ, ಒಡೆದಿಲ್ಲ. ನಿಯೋಸ್ಟಿಗ್ಮಿನ್ ಎಂಬ ಅಗ್ಗದ ಔಷಧಿ ಕೊಟ್ಟು ಅಸಿಟೈಲ್‌ಕೋಲಿನ್ ಹೆಚ್ಚು ಹೊತ್ತು ಉಳಿಯುವಂತೆ ಮಾಡಿದರೆ ಸ್ನಾಯು ಮತ್ತೆ ಅಲ್ಲಾಡುವುದುಂಟು. ಕಟ್ಟುಹಾವಿನದು ಬೇರೆ ಜಾತಿ. ಅದರ ಬೀಟಾ-ಬಂಗಾರೋಟಾಕ್ಸಿನ್ ನರದ ದಡಕ್ಕೇ ನುಗ್ಗಿ ತುದಿಯನ್ನೇ ಹಾಳುಮಾಡುತ್ತದೆ. ಒಮ್ಮೆ ತುದಿ ಹಾಳಾಯಿತೆಂದರೆ ಔಷಧಿಯಿಂದ ಅದನ್ನು ಹಿಂದಕ್ಕೆ ತರಲಾಗದು, ನರವೇ ಹೊಸ ತುದಿ ಬೆಳೆಸಿಕೊಳ್ಳಬೇಕು. ಅದಕ್ಕೆ ದಿನಗಳು, ಕೆಲವೊಮ್ಮೆ ವಾರಗಳು. ರಕ್ತದಲ್ಲಿ ಇನ್ನೂ ಅಲೆಯುತ್ತಿರುವ ವಿಷವನ್ನಷ್ಟೇ ಪ್ರತಿವಿಷ ಹಿಡಿಯಬಲ್ಲದು. ಆದ್ದರಿಂದ ಅದನ್ನು ಕೊಡುವುದಾದರೆ ಬೇಗ ಕೊಡಬೇಕು. ಆಮೇಲೆ ಉಳಿಯುವ ಚಿಕಿತ್ಸೆ ಒಂದೇ, ಉಸಿರಾಟ ನಡೆಸುವುದು. ಹೃದಯ ಚೆನ್ನಾಗಿದೆ, ಮೆದುಳು ಎಚ್ಚರವಾಗಿದೆ, ಉಸಿರೆಳೆಯುವ ಸ್ನಾಯು ಮಾತ್ರ ಮಲಗಿದೆ. ಯಾರಾದರೂ ಅವನ ಬದಲು ಉಸಿರಾಡಿದರೆ ಅವನು ಎದ್ದು ಮನೆಗೆ ನಡೆದು ಹೋಗುತ್ತಾನೆ. ವೈದ್ಯಶಾಸ್ತ್ರದಲ್ಲಿ ಇಷ್ಟು ಸರಳ ಲೆಕ್ಕ ಸಿಗುವುದು ಅಪರೂಪ.

ಹಾಗೆ ‘ಬದಲು ಉಸಿರಾಡುವ’ ಸಾಧನ ಎಲ್ಲ ಆಂಬುಲೆನ್ಸಿನಲ್ಲೂ ಇರುತ್ತದೆ: ಆಂಬು ಬ್ಯಾಗ್. ರಗ್ಬಿ ಚೆಂಡಿನಂಥ ರಬ್ಬರ್ ಚೀಲ, ಮುಂದೆ ಮಾಸ್ಕ್. ಪಿರಿಯಾಪಟ್ಟಣದಿಂದ ಮೈಸೂರಿನ ಕೆ.ಆರ್. ಆಸ್ಪತ್ರೆಗೆ ಹತ್ತಿರ ಹತ್ತಿರ 70 ಕಿಲೋಮೀಟರ್. ಒಂದೂವರೆ ಗಂಟೆ ಅನ್ನಿ. ನಿಮಿಷಕ್ಕೆ 12 ಸಲ ಒತ್ತಿದರೆ 1,080 ಸಲ. ಓಡುವ ಗಾಡಿಯಲ್ಲಿ, ಒಂದು ಕೈಯಲ್ಲಿ ಗದ್ದ ಎತ್ತಿ ಮಾಸ್ಕ್ ಗಾಳಿ ಸೋರದಂತೆ ಒತ್ತಿಹಿಡಿದು, ಇನ್ನೊಂದು ಕೈಯಲ್ಲಿ ಚೀಲ ಹಿಂಡುತ್ತಾ, ಬಿಳಿಕೆರೆ, ಇಲವಾಲದ ಹಂಪುಗಳಲ್ಲಿ ತಲೆ ಮೇಲಕ್ಕೆ ಬಡಿಯದಂತೆ ಕಾಲು ಊರಿಕೊಂಡು, ಒಬ್ಬರೇ ಇಎಂಟಿ 1,080 ಸಲ. ನಡುವೆ ಬಿಪಿ ನೋಡಬೇಕು, ಬಾಯಲ್ಲಿ ತುಂಬಿದ ಎಂಜಲು ಹೀರಿ ತೆಗೆಯಬೇಕು, ಕಾಲ ಬಳಿ ಕೂತು ಅಳುತ್ತಿರುವ ತಾಯಿಗೆ ಏನೂ ಆಗಲ್ಲ ಕಣಮ್ಮ ಅನ್ನಬೇಕು. ಗಾಡಿ ಎಷ್ಟು ಹೊತ್ತಿಗೆ ಬಂತು ಎಂಬ ಅಂಕಿಯಲ್ಲಿ ಈ ಕೆಲಸದ ಸುಳಿವೇ ಇಲ್ಲ.

ಕೆ.ಆರ್. ನಗರದ ಕಡೆ ಬಂದರೆ ಹಾವು ಬೇರೆ, ಗಡಿಯಾರವೂ ಬೇರೆ. ಕಾವೇರಿ ನಾಲೆಯ ಭತ್ತದ ಗದ್ದೆ, ಗದ್ದೆ ತುಂಬ ಇಲಿ. ಅಲ್ಲಿನ ಯಜಮಾನ ಕೊಳಕುಮಂಡಲ. ಅದು ಕಚ್ಚಿದರೆ ಗೊತ್ತಾಗದೆ ಇರುವ ಪ್ರಶ್ನೆಯೇ ಇಲ್ಲ. ಉರಿ, ಊತ ಜೀವ ತೆಗೆಯುತ್ತವೆ. ಅದರ ವಿಷದ ಕಿಣ್ವಗಳು ರಕ್ತ ಹೆಪ್ಪುಗಟ್ಟಿಸುವ ಸರಪಳಿಯನ್ನು ಬೇಡದ ಹೊತ್ತಿನಲ್ಲಿ ಎಳೆದುಬಿಡುತ್ತವೆ. ಮೈಯೊಳಗೆಲ್ಲ ಸಣ್ಣಸಣ್ಣ ಹೆಪ್ಪು ಕಟ್ಟಿ ಕಟ್ಟಿ, ಹೆಪ್ಪಿಗೆ ಬೇಕಾದ ಸಾಮಗ್ರಿಯೆಲ್ಲ ಖರ್ಚಾಗಿ, ಕೊನೆಗೆ ರಕ್ತ ನೀರಾಗುತ್ತದೆ. ಒಸಡಿನಲ್ಲಿ, ಮೂತ್ರದಲ್ಲಿ ರಕ್ತ, ಮೂತ್ರಪಿಂಡಕ್ಕೆ ಪೆಟ್ಟು. ಇದನ್ನು ಪತ್ತೆ ಹಚ್ಚಲು ಲ್ಯಾಬ್ ಬೇಡ. ಸ್ವಚ್ಛವಾದ, ಒಣಗಿದ ಗಾಜಿನ ನಳಿಕೆಗೆ ಎರಡು ಎಂ.ಎಲ್. ರಕ್ತ ಹಾಕಿ 20 ನಿಮಿಷ ಅಲ್ಲಾಡಿಸದೆ ಇಟ್ಟು ಓರೆ ಮಾಡಿ ನೋಡಿದರಾಯಿತು. ಹೆಪ್ಪಾಗದೆ ಹರಿದರೆ ವಿಷ ಏರಿದೆ. ನಳಿಕೆ ಗಾಜಿನದೇ ಆಗಿರಬೇಕು. ಹೆಪ್ಪಿನ ಸರಪಳಿಯನ್ನು ಚಾಲೂ ಮಾಡುವುದು ಗಾಜಿನ ಮೈ. ಪ್ಲಾಸ್ಟಿಕ್ ನಳಿಕೆಯಲ್ಲಿಟ್ಟರೆ, ಸೋಪಿನಲ್ಲಿ ತೊಳೆದ ಗಾಜಿನಲ್ಲಿಟ್ಟರೆ, ಆರೋಗ್ಯವಂತನ ರಕ್ತವೂ ಹೆಪ್ಪಾಗದೆ ಸುಳ್ಳು ಹೇಳೀತು. ದೊಡ್ಡ ದೊಡ್ಡ ಯಂತ್ರಗಳ ಕಾಲದಲ್ಲಿ ಜೀವ ಉಳಿಸುವ ಪರೀಕ್ಷೆಯೊಂದು ಗಾಜಿನ ನಳಿಕೆ ಸ್ಟೋರಿನಲ್ಲಿ ಇದೆಯೇ ಎಂಬುದರ ಮೇಲೆ ನಿಂತಿರುವುದು ನನಗೆ ಯಾವಾಗಲೂ ಸೋಜಿಗ.

ಪ್ರತಿವಿಷದ ಗಣಿತವೂ ಅಷ್ಟೇ ನೇರ. ನಮ್ಮ ದೇಶದ ಪ್ರತಿವಿಷ ಕುದುರೆಯ ರಕ್ತದಿಂದ ಬರುವಂಥದ್ದು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಎಂಬ ನಾಲ್ಕರ ವಿಷ ಚುಚ್ಚಿ ಪಡೆದದ್ದು. ಆ ವಿಷದ ಬಹುಪಾಲು ಪೂರೈಸುವುದು ಚೆನ್ನೈ ಹೊರವಲಯದಲ್ಲಿ 1978ರಲ್ಲಿ ಕಟ್ಟಿಕೊಂಡ ಇರುಳಿಗರ ಹಾವು ಹಿಡಿಯುವವರ ಸಹಕಾರ ಸಂಘ. ಒಂದು ಎಂ.ಎಲ್. ಪ್ರತಿವಿಷ ಕೊಳಕುಮಂಡಲದ 0.6 ಮಿ.ಗ್ರಾಂ ವಿಷವನ್ನು ಕಟ್ಟಿಹಾಕುತ್ತದೆ, ಹತ್ತು ಎಂ.ಎಲ್. ಸೀಸೆಯೊಂದು 6 ಮಿ.ಗ್ರಾಂ. ಕೊಳಕುಮಂಡಲ ಒಂದು ಕಚ್ಚಿಗೆ ಸರಾಸರಿ 63 ಮಿ.ಗ್ರಾಂ ಬಿಡುತ್ತದೆ. ಭಾಗಿಸಿ ನೋಡಿ, ಮೊದಲ ಡೋಸು ಹತ್ತು ಸೀಸೆ ಯಾಕೆಂದು ತಾನೇ ಗೊತ್ತಾಗುತ್ತದೆ. ಹಾವು ಮಗುವೆಂದು ವಿಷ ಕಡಿಮೆ ಬಿಡುವುದಿಲ್ಲ, ಹಾಗಾಗಿ ಮಗುವಿಗೂ ಅಷ್ಟೇ ಸೀಸೆ. ವಿಷ ಕಟ್ಟಿದ ಮೇಲೂ ಹೆಪ್ಪಿನ ಸಾಮಗ್ರಿಯನ್ನು ಯಕೃತ್ತು ಮತ್ತೆ ತಯಾರಿಸಲು ಸುಮಾರು ಆರು ಗಂಟೆ ಬೇಕು. ಅಂದರೆ ಮೊದಲ ಸೀಸೆ ಎಷ್ಟು ತಡವಾಯಿತೋ ರಕ್ತ ನೀರಾಗಿರುವ ಹೊತ್ತೂ ಅಷ್ಟು ಉದ್ದವಾಯಿತು.

ಇಲ್ಲಿಗೆ ಬಂದಾಗ ಒಂದು ಚೀಟಿ ಎದುರಾಗುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ತಾಲ್ಲೂಕು ಆಸ್ಪತ್ರೆಗೆ, ತಾಲ್ಲೂಕು ಆಸ್ಪತ್ರೆಯಿಂದ ಮೈಸೂರಿಗೆ: ‘ರೆಫರ್’. ಈ ಒಂದು ಪದ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಹೆಗ್ಗಡದೇವನಕೋಟೆ ಈ ನಾಲ್ಕೂ ತಾಲ್ಲೂಕುಗಳ ಅಜ್ಜಿಯರ ಬಾಯಲ್ಲೂ ಕನ್ನಡವಾಗಿಬಿಟ್ಟಿದೆ. ‘ರೆಪರ್ ಮಾಡುದ್ರು’ ಅಂದರೆ ಮನೆಯಲ್ಲಿ ದುಡ್ಡು ಹೊಂದಿಸತೊಡಗುತ್ತಾರೆ. ಸೀಸೆ ಅಲ್ಮೇರಾದಲ್ಲಿದ್ದೂ ಒಂದನ್ನೂ ಕೊಡದೆ ಕಳಿಸುವುದುಂಟು. ಯಾಕೆ? ಕುದುರೆಯ ಪ್ರೋಟೀನು ಮನುಷ್ಯನ ರಕ್ತಕ್ಕೆ ಸೇರಿದಾಗ ಕೆಲವರಿಗೆ ಅನಾಫಿಲಾಕ್ಸಿಸ್ ಆಗುತ್ತದೆ. ಮೈಯೆಲ್ಲ ದದ್ದು, ಗಂಟಲು ಬಿಗಿತ, ಬಿಪಿ ಕುಸಿತ. ರಾತ್ರಿ ಹೊತ್ತು, ಒಬ್ಬರೇ ಡಾಕ್ಟರ್, ಒಬ್ಬರು ನರ್ಸ್, ಹೊರಗೆ ನಲವತ್ತು ಜನ. ಇಲ್ಲೇ ಹೋದರೆ ಡಾಕ್ಟರ ತಪ್ಪು, ದಾರಿಯಲ್ಲಿ ಹೋದರೆ ಹಣೆಬರಹ ಎಂಬುದು ಎಲ್ಲೂ ಬರೆದಿಲ್ಲದ ಕಾನೂನು. ಚೀಟಿ ಬರೆದಾಗ ಅಪಾಯ ಕಡಿಮೆಯಾಗುವುದಿಲ್ಲ. ಡಾಕ್ಟರ ಹೆಗಲಿಂದ ಇಳಿದು ರಸ್ತೆಯ ಮೇಲೆ ಮಲಗುತ್ತದೆ, ಅಲ್ಲಿಂದ ಇಎಂಟಿಯ ಹೆಗಲಿಗೆ ಏರುತ್ತದೆ. ಹಾಗೆಂದು ಡಾಕ್ಟರನ್ನು ಹೇಡಿ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಏಟು ತಿಂದ ವೈದ್ಯರ ಸುದ್ದಿ ನಾವೆಲ್ಲ ಓದಿದವರೇ.

ಆದರೆ ಭಯಕ್ಕೆ ವಿಜ್ಞಾನದ ಮದ್ದಿದೆ. ಶ್ರೀಲಂಕಾದಲ್ಲಿ 1,007 ಮಂದಿ ಹಾವು ಕಚ್ಚಿದವರ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗವೊಂದು, ಪ್ರತಿವಿಷಕ್ಕೆ ಮೊದಲು ಚರ್ಮದಡಿ ಸ್ವಲ್ಪವೇ ಅಡ್ರಿನಲಿನ್ ಕೊಟ್ಟರೆ ಮೊದಲ ಗಂಟೆಯ ತೀವ್ರ ಅಡ್ಡಪರಿಣಾಮ ಶೇ. 43ರಷ್ಟು ಇಳಿಯುತ್ತದೆ ಎಂದು ತೋರಿಸಿತು. ಅನಾಫಿಲಾಕ್ಸಿಸ್ ಆದರೂ ಮದ್ದು ಅದೇ ಅಡ್ರಿನಲಿನ್, ಸೀಸೆಗೆ ಕೆಲವೇ ರೂಪಾಯಿ. ನನ್ನ ಮಟ್ಟಿಗೆ ವಾದ ಇಲ್ಲಿಗೆ ಮುಗಿಯಿತು: ಹತ್ತು ಸೀಸೆ ಹಾಕಿ ಆಮೇಲೆ ಗಾಡಿ ಹತ್ತಿಸಿ. ಪ್ರತಿವಿಷವನ್ನು ಆಂಬುಲೆನ್ಸಿನಲ್ಲೇ ಇಡಬಾರದೇಕೆ ಎಂದು ಕೇಳುವವರಿದ್ದಾರೆ. ಪುಡಿಯ ರೂಪದ್ದು ಫ್ರಿಜ್ ಬೇಡುವುದಿಲ್ಲ, ನಿಜ. ಆದರೆ ವಿಷ ಏರಿದೆಯೇ ಎಂದು ನೋಡದೆ ಕೊಡುವಂತಿಲ್ಲ. 20 ನಿಮಿಷ ಅಲ್ಲಾಡದೆ ಇರಬೇಕಾದ ನಳಿಕೆಯನ್ನು ಹುಣಸೂರು ರಸ್ತೆಯಲ್ಲಿ ಓಡುವ ಗಾಡಿಯಲ್ಲಿ ಇಡುವುದೆಲ್ಲಿ? ಆ ಕೆಲಸ ನಿಂತ ಕಟ್ಟಡದಲ್ಲೇ ಆಗಬೇಕು.

ಓಡುವುದೋ, ನಿಂತು ಮಾಡುವುದೋ? ಜಗತ್ತಿನ ತುರ್ತು ಚಿಕಿತ್ಸೆಯವರ ನಡುವೆ ಅರ್ಧ ಶತಮಾನದಿಂದ ಮುಗಿಯದ ಜಗಳ ಇದು. ಫ್ರಾನ್ಸಿನವರು ಗಾಡಿಯಲ್ಲೇ ವೈದ್ಯರನ್ನು ಕಳಿಸಿ ಮನೆ ಬಾಗಿಲಲ್ಲೇ ಚಿಕಿತ್ಸೆ ಶುರುಮಾಡುತ್ತಾರೆ. ಅಮೆರಿಕದವರು ವೈದ್ಯರಲ್ಲದ ಪ್ಯಾರಾಮೆಡಿಕ್‌ಗಳನ್ನು ತರಬೇತುಗೊಳಿಸಿ ಬೇಗ ಎತ್ತಿಕೊಂಡು ಬರುವ ಕಡೆ ವಾಲಿದರು. ಕೆನಡಾದ ಒಂಟಾರಿಯೋದಲ್ಲಿ 2,867 ಗಾಯಾಳುಗಳನ್ನು ಅಭ್ಯಸಿಸಿ 2008ರಲ್ಲಿ ಹೊರಬಂದ ವರದಿ ಎರಡನೆಯವರಿಗೂ ಮುಜುಗರ ತಂದಿತು. ಗಾಡಿಯಲ್ಲೇ ಗಂಟಲಿಗೆ ನಳಿಕೆ ಹಾಕುವಂಥ ಮೇಲ್ದರ್ಜೆಯ ಸೇವೆ ಬಂದ ಮೇಲೂ ಬದುಕಿ ಉಳಿದವರ ಪ್ರಮಾಣ ಏರಲಿಲ್ಲ. ಪ್ರಜ್ಞೆ ತಪ್ಪಿದ್ದ ಗಾಯಾಳುಗಳಲ್ಲಂತೂ ಸಾವು ಹೆಚ್ಚಿತು. ಒಳಗೆ ರಕ್ತ ಸೋರುತ್ತಿರುವವನಿಗೆ ಬೇಕಾದದ್ದು ಆಪರೇಷನ್ ಥಿಯೇಟರ್, ದಾರಿಬದಿಯ ಕಸರತ್ತಲ್ಲ.

ಆದರೆ ರಕ್ತಸ್ರಾವಕ್ಕೂ ದಾರಿಯಲ್ಲೇ ಮಾಡಬಹುದಾದದ್ದು ಒಂದಿದೆ. ಟ್ರನೆಕ್ಸಾಮಿಕ್ ಆಮ್ಲ ಎಂಬ ಔಷಧಿಯನ್ನು 1960ರ ದಶಕದಲ್ಲಿ ಜಪಾನಿನ ಉಟಾಕೊ ಒಕಮೊಟೊ ಮತ್ತು ಅವರ ಪತಿ ಕಂಡುಹಿಡಿದರು; ಹೆರಿಗೆಯ ನಂತರದ ರಕ್ತಸ್ರಾವ ನಿಲ್ಲಿಸಬೇಕೆಂಬುದು ಒಕಮೊಟೊ ಅವರ ಹಂಬಲ. ಕಟ್ಟಿದ ಹೆಪ್ಪು ಕರಗದಂತೆ ಅದು ತಡೆಯುತ್ತದೆ. 20 ಸಾವಿರಕ್ಕೂ ಹೆಚ್ಚು ಗಾಯಾಳುಗಳ ಮೇಲೆ ನಡೆದು 2010ರಲ್ಲಿ, ಅಷ್ಟೇ ಮಂದಿ ಬಾಣಂತಿಯರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪರೀಕ್ಷೆಗಳು ಒಂದೇ ಮಾತು ಹೇಳಿದವು: ಮೂರು ಗಂಟೆಯೊಳಗೆ ಕೊಟ್ಟರೆ ಲಾಭ, ಆಮೇಲೆ ಇಲ್ಲ. ಎರಡನ್ನೂ ಕೂಡಿಸಿ ಲೆಕ್ಕ ಹಾಕಿದಾಗ ಒಂದೊಂದು ಕಾಲು ಗಂಟೆ ತಡಕ್ಕೂ ಲಾಭ ಶೇ. 10ರಷ್ಟು ಕರಗುತ್ತಿತ್ತು. ಆದಿವಾಸಿ ಹಾಡಿಯೊಂದರಲ್ಲಿ ಹೆರಿಗೆಯಾಗಿ ರಕ್ತ ನಿಲ್ಲದ ತಾಯಿಯನ್ನು ಮೈಸೂರಿನ ಚೆಲುವಾಂಬ ಆಸ್ಪತ್ರೆಗೆ ಮುಟ್ಟಿಸುವಷ್ಟರಲ್ಲಿ ಈ ಕಾಲು ಗಂಟೆಗಳು ಎಷ್ಟು ಕಳೆದಿರುತ್ತವೆ ಎಂದು ಎಣಿಸಬಹುದು.

ಇನ್ನು ಕಟ್ಟುವ ಪ್ರಶ್ನೆ. ಹಾವು ಕಚ್ಚಿದ ಕಾಲಿಗೆ ಟವೆಲ್ಲು, ಹಗ್ಗ ಬಿಗಿದುಕೊಂಡು ಬರುವವರನ್ನು 108ನೋರು ವಾರವೂ ನೋಡುತ್ತಾರೆ. ಕೊಳಕುಮಂಡಲದ ವಿಷ ಅಲ್ಲೇ ಮಡುಗಟ್ಟಿ ಮಾಂಸ ಕೊಳೆಯುತ್ತದೆ, ಬಿಚ್ಚಿದ ತಕ್ಷಣ ಒಮ್ಮೆಲೇ ಮೇಲೇರುತ್ತದೆ. ಕಟ್ಟಬೇಡಿ, ಕೊಯ್ಯಬೇಡಿ, ಮುರಿದ ಕೈಗೆ ಪಟ್ಟಿ ಕೊಟ್ಟ ಹಾಗೆ ಅಲ್ಲಾಡದಂತೆ ಇರಿಸಿ ಅನ್ನುತ್ತಾ ಅವರ ಗಂಟಲು ಒಣಗಿದೆ. ಅದೇ ಇಎಂಟಿ ಮರುದಿನ ಯಂತ್ರಕ್ಕೆ ಸಿಕ್ಕಿ ತುಂಡಾದ ಕೈಗೆ ಬಿಗಿಯಾಗಿ ಕಟ್ಟಬೇಕು, ಕಟ್ಟದಿದ್ದರೆ ಜೀವ ಹೋಗುತ್ತದೆ. ನೋಡುತ್ತಾ ನಿಂತ ಹಳ್ಳಿಗನಿಗೆ ಇವರ ಮಾತು ದಿನಕ್ಕೊಂದು ಥರ ಕಂಡರೆ ತಪ್ಪೇನು?

ಹುಣಸೂರಿನ ಮಳೆಗಾಲದ್ದೇ ಒಂದು ಒಗಟು ಹೇಳಿ ಮುಂದೆ ಹೋಗುತ್ತೇನೆ. ಹೊಲದಿಂದ ಬಂದವನು ವಾಂತಿ ಮಾಡುತ್ತಿದ್ದಾನೆ, ಬೆವರು ಸುರಿಯುತ್ತಿದೆ, ಮುಖ ಬಿಳಿಚಿದೆ. ಒದ್ದೆ ಹೊಗೆಸೊಪ್ಪು ಮುರಿಯುವಾಗ ಚರ್ಮದ ಮೂಲಕ ಇಳಿದ ನಿಕೋಟಿನ್ ಹೀಗೇ ಮಾಡುತ್ತದೆ, ಒಂದೆರಡು ದಿನದಲ್ಲಿ ತಾನೇ ಸರಿಹೋಗುತ್ತದೆ. ಕೀಟನಾಶಕವೂ ಹೀಗೇ ಮಾಡುತ್ತದೆ. ಆಗ ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿರುತ್ತದೆ, ಎದೆಯಲ್ಲಿ ನೀರಿನ ಸದ್ದು, ತಕ್ಷಣ ಅಟ್ರೋಪಿನ್ ಬೇಕು. ಹೃದಯಾಘಾತವೂ ಹೀಗೇ. ಮೂರನ್ನೂ ಬಿಡಿಸಿ ಹೇಳಲು ಇಎಂಟಿ ಬಳಿ ಇರುವುದು ಒಂದು ಟಾರ್ಚು, ಒಂದು ಸ್ಟೆತಸ್ಕೋಪು, ಇದ್ದರೆ ಇಸಿಜಿ. ಹೃದಯಾಘಾತವಾದರೆ ಈಚೆಗೆ ಒಂದು ಸಮಾಧಾನವಿದೆ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯ ಇಸಿಜಿ ಫೋನಿನಲ್ಲೇ ತಜ್ಞರಿಗೆ ತಲುಪಿ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಅಲ್ಲೇ ಸಿಗುವ ಏರ್ಪಾಡಾಗಿದೆ. ಮೊದಲು ಔಷಧಿ, ಆಮೇಲೆ ಗಾಡಿ. 2025ರ ಜೂನ್, ಜುಲೈಯಲ್ಲಿ ಹಾಸನದಲ್ಲಿ ಹೃದಯಾಘಾತದಿಂದಾದ ಸಾವುಗಳ ಸುದ್ದಿಗೆ ಬೆದರಿ ಜನ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನ ಜಾವದಿಂದ ಸಾಲು ನಿಂತಾಗ, ಹತ್ತಿರದಲ್ಲೇ ಇಸಿಜಿ ಮಾಡಿಸಿಕೊಳ್ಳಬಹುದು ಎಂಬುದು ಮಾತ್ರ ಯಾರ ಕಿವಿಗೂ ಬಿದ್ದಂತಿರಲಿಲ್ಲ. ಹೃದಯಕ್ಕೆ ಒಪ್ಪಿಕೊಂಡ ಈ ನೀತಿ ಹಾವಿಗೆ ಯಾಕೆ ಒಗ್ಗುತ್ತಿಲ್ಲ?

ರೆಫರ್ ಚೀಟಿಯಿಂದ ತೊಂದರೆಗೆ ಬೀಳುವುದು ಅದನ್ನು ಹಿಡಿದವನೊಬ್ಬನೇ ಅಲ್ಲ, ಅವನ ನಂತರ 108ಕ್ಕೆ ಕರೆ ಮಾಡುವವನೂ. ಡೆನ್ಮಾರ್ಕಿನ ಎ. ಕೆ. ಎರ್ಲಾಂಗ್ ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿದ್ದ ಗಣಿತಜ್ಞ. ಎಷ್ಟು ಲೈನ್ ಇದ್ದರೆ ಎಷ್ಟು ಕರೆಗೆ ‘ಬ್ಯುಸಿ’ ಸದ್ದು ಕೇಳಿಸೀತು ಎಂಬುದನ್ನು 1917ರಲ್ಲಿ ಸೂತ್ರಕ್ಕಿಳಿಸಿದ. ಆಂಬುಲೆನ್ಸಿಗೂ ಅದೇ ಸೂತ್ರ. ಲೆಕ್ಕಕ್ಕೆಂದು ಒಂದು ಗಾಡಿ ದಿನಕ್ಕೆ ಆರು ಕರೆ ನೋಡುತ್ತದೆ ಎನ್ನಿ. ಹಳ್ಳಿಯಿಂದ ತಾಲ್ಲೂಕು ಆಸ್ಪತ್ರೆಗೆ ಬಿಟ್ಟು ಬರಲು ಎರಡು ಗಂಟೆಯಾದರೆ 24ರಲ್ಲಿ 12 ಗಂಟೆ ಕೆಲಸ. ಮುಂದಿನ ಕರೆ ಬಂದಾಗ ಗಾಡಿ ಖಾಲಿ ಇರುವ ಸಾಧ್ಯತೆ ಅರ್ಧಕ್ಕರ್ಧ. ಅದೇ ಆರು ಕೇಸನ್ನೂ ಮೈಸೂರಿಗೆ ಒಯ್ಯಬೇಕಾಗಿ ಒಂದೊಂದಕ್ಕೆ ನಾಲ್ಕು ಗಂಟೆ ಹಿಡಿದರೆ 24ಕ್ಕೆ 24. ಗಾಡಿಯ ಸಂಖ್ಯೆ ಕಡಿಮೆಯಾಗಲಿಲ್ಲ, ಕರೆ ಹೆಚ್ಚಲಿಲ್ಲ, ಆದರೂ ಗಾಡಿ ಇಲ್ಲವಾಯಿತು. ಮೈಸೂರಿನ ಆಸ್ಪತ್ರೆಯ ಬಾಗಿಲಲ್ಲಿ ಹಾಸಿಗೆ ಸಿಗುವವರೆಗೆ ಸ್ಟ್ರೆಚರ್ ಹಿಡಿದು ಕಾಯುವ ಅರ್ಧ ಗಂಟೆಯೂ ಈ ಲೆಕ್ಕಕ್ಕೆ ಸೇರುತ್ತದೆ. ಊರಿನ ಜನ ಮಾತ್ರ ‘108 ಟೈಮಿಗೆ ಬರಲ್ಲ’ ಎಂದು ಪೈಲಟ್ಟನ್ನು ಬೈಯುತ್ತಾರೆ.

ಬೈಗುಳ ತಿನ್ನುವವರ ಬಗ್ಗೆ ಎರಡು ಮಾತು. ಹನ್ನೆರಡು ಗಂಟೆಯ ಪಾಳಿ. ಬಾಕಿ ಸಂಬಳಕ್ಕಾಗಿ ಇವರು ಮತ್ತೆ ಮತ್ತೆ ಮುಷ್ಕರದ ಮಾತೆತ್ತಿದ್ದು ಪತ್ರಿಕೆ ಓದುವವರಿಗೆ ಹೊಸದಲ್ಲ. 2022ರ ಸೆಪ್ಟೆಂಬರಿನಲ್ಲಿ ಕಾಲ್ ಸೆಂಟರಿನ ತಂತ್ರಾಂಶ ಕೈಕೊಟ್ಟು ರಾಜ್ಯವಿಡೀ ಕರೆಗಳು ತೊಡರಿದಾಗ ಬೀದಿಯಲ್ಲಿ ಉತ್ತರ ಕೊಡಬೇಕಾಗಿ ಬಂದದ್ದೂ ಇವರೇ. ಸೇವೆಯನ್ನು ಖಾಸಗಿ ಸಂಸ್ಥೆಯಿಂದ ಆರೋಗ್ಯ ಇಲಾಖೆಯೇ ವಹಿಸಿಕೊಳ್ಳುವ ಮಾತು 2025ರಲ್ಲಿ ಸರ್ಕಾರದ ಕಡೆಯಿಂದ ಬಂತು. ಯಜಮಾನ ಯಾರು ಎಂಬುದಕ್ಕಿಂತ ನನಗೆ ಮುಖ್ಯವಾಗಿ ಕಾಣುವುದು ಇಎಂಟಿಗೆ ಏನು ಮಾಡಲು ಅಧಿಕಾರವಿದೆ ಎಂಬುದು. ಈಗ ಅವರು ಕಾಲ್ ಸೆಂಟರಿನ ವೈದ್ಯರಿಗೆ ಫೋನು ಮಾಡಿ ಕೇಳಿಕೊಂಡು ಔಷಧಿ ಕೊಡುತ್ತಾರೆ. ಹೆಗ್ಗಡದೇವನಕೋಟೆಯಿಂದ ಅಂತರಸಂತೆ ದಾಟಿ ಕಾಡಿಗೆ ಇಳಿದರೆ ಫೋನು ಸಿಗಬೇಕಲ್ಲ. 2021ರ ಅಲೈಡ್ ಹೆಲ್ತ್‌ಕೇರ್ ವೃತ್ತಿಗಳ ಕಾಯ್ದೆ ತುರ್ತು ಸೇವೆಯವರನ್ನೂ ಒಂದು ವೃತ್ತಿ ಎಂದು ಪಟ್ಟಿಗೆ ಸೇರಿಸಿತು. ಪಟ್ಟಿ ಸೇರುವುದೊಂದು, ತನ್ನ ಬುದ್ಧಿಯಿಂದ ಸೂಜಿ ಹಿಡಿಯುವ ಹಕ್ಕು ಬರುವುದು ಇನ್ನೊಂದು. ವೈದ್ಯರಿಗೆ ಇದರಲ್ಲಿ ಹಿಂಜರಿಕೆಯಿದೆ. 1967ರಲ್ಲಿ ಪಿಟ್ಸ್‌ಬರ್ಗಿನ ಬಡ ಕರಿಯರ ಕೇರಿಯ ಯುವಕರಿಗೆ ಪೀಟರ್ ಸಫಾರ್ ಎಂಬ ವೈದ್ಯರು ತರಬೇತಿ ಕೊಟ್ಟು ‘ಫ್ರೀಡಂ ಹೌಸ್’ ಆಂಬುಲೆನ್ಸ್ ಶುರುಮಾಡಿದಾಗಲೂ ಜನ ಮೂಗು ಮುರಿದಿದ್ದರು. ಆ ಹುಡುಗರ ಕೆಲಸವೇ ಅಮೆರಿಕದ ಪ್ಯಾರಾಮೆಡಿಕ್ ವೃತ್ತಿಗೆ ಅಡಿಪಾಯವಾಯಿತು.

ಹೆಗ್ಗಡದೇವನಕೋಟೆಯ ಕಡೆ ಇಂಥದಕ್ಕೆ ನೆಲ ಹದವಾಗಿಯೇ ಇದೆ. ಮೈಸೂರು ಮೆಡಿಕಲ್ ಕಾಲೇಜಿನ ವಿದ್ಯಾರ್ಥಿಗಳು ಆರ್. ಬಾಲಸುಬ್ರಹ್ಮಣ್ಯಂ ಅವರೊಂದಿಗೆ 1984ರಲ್ಲಿ ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಹಾಡಿಗಳ ನಡುವೆ ಕೆಲಸ ಮಾಡುತ್ತಾ ಬಂದು ಸರಗೂರಿನಲ್ಲಿ ಆಸ್ಪತ್ರೆ ನಡೆಸುತ್ತಿದೆ. ಆಸ್ಪತ್ರೆ ಹತ್ತಿರ ಬಂದರೆ ರಸ್ತೆ ಗಿಡ್ಡವಾಗುತ್ತದೆ. ರಸ್ತೆಯೇ ಇಲ್ಲದಲ್ಲಿ? ನೇಪಾಳದ ದಮಕ್ ಪ್ರದೇಶದಲ್ಲಿ ಹಾವು ಕಚ್ಚಿದವರನ್ನು ಬೈಕಿನಲ್ಲಿ, ಸವಾರನಿಗೂ ಹಿಂದೆ ಕೂತವನಿಗೂ ನಡುವೆ ಕೂರಿಸಿ ಒಯ್ಯುವ ಸ್ವಯಂಸೇವಕರ ಜಾಲ ಕಟ್ಟಿ, ಊರೂರಿಗೆ ತಿಳಿವಳಿಕೆ ಹಂಚಿದರು. ಕಚ್ಚಿಸಿಕೊಂಡವರಲ್ಲಿ ಸಾಯುವವರ ಪ್ರಮಾಣ ಶೇ. 10.5ರಿಂದ 0.5ಕ್ಕೆ ಇಳಿಯಿತು. ಆ ಬೈಕುಗಳಿಗೆ ಸೈರನ್ ಇರಲಿಲ್ಲ.

2024ರ ಫೆಬ್ರವರಿಯಲ್ಲಿ ಕರ್ನಾಟಕ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಯೆಂದು ಘೋಷಿಸಿತು, ದೇಶದಲ್ಲೇ ಮೊದಲು. ಇನ್ನು ಪ್ರತಿ ಕೇಸೂ ಆಸ್ಪತ್ರೆಯ ಲೆಕ್ಕಕ್ಕೆ ಬರಬೇಕು. ಹಾಗೆ ಬರೆಯುವಾಗ ಕಚ್ಚಿದ ಹೊತ್ತು, ಮೊದಲ ಸೀಸೆ ಹಾಕಿದ ಹೊತ್ತು ಎಂಬ ಎರಡು ಅಂಕಿಗಳನ್ನೂ ಬರೆದಿಟ್ಟರೆ ನಾಲ್ಕು ತಾಲ್ಲೂಕಿನ ನಿಜವಾದ ದೂರ ಕಿಲೋಮೀಟರಿನಲ್ಲಲ್ಲ, ನಿಮಿಷದಲ್ಲಿ ಕಾಣುತ್ತದೆ.

ಆಗಲೂ ಕಾಣದೆ ಉಳಿಯುವವರು ಡಿ.ಬಿ. ಕುಪ್ಪೆಯ ಕಡೆಯವರು. ಕಬಿನಿಯ ಆಚೆ ದಡ ಕೇರಳ. ಕಾಡಿನ ರಸ್ತೆ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ಆಂಬುಲೆನ್ಸಿಗೆ ಗೇಟು ತೆಗೆಯುತ್ತಾರಾದರೂ ದಾರಿಯಲ್ಲಿ ಆನೆ ನಿಂತಿದ್ದರೆ ಸೈರನ್ ಆರಿಸಿ ಕಾಯಲೇಬೇಕು. ಹೆಗ್ಗಡದೇವನಕೋಟೆಗಿಂತ ಬಾವಲಿ ದಾಟಿ ಕೇರಳದ ಮಾನಂದವಾಡಿ ಹತ್ತಿರ. ಅಲ್ಲಿ ಈಗ ಸರ್ಕಾರಿ ಮೆಡಿಕಲ್ ಕಾಲೇಜೇ ಇದೆ. ಹಾಗಾಗಿ ಹಾಡಿಯಲ್ಲಿ ರಾತ್ರಿ ಯಾರಿಗಾದರೂ ಹಾವು ಕಚ್ಚಿದರೆ, ತಿಳಿದವರು ಇದ್ದ ಜೀಪಿಗೇ ಹತ್ತಿಸಿಕೊಂಡು ಅತ್ತ ಹೊರಡುತ್ತಾರೆ. ಅವನ ಮೈಯ ಗಡಿಯಾರಕ್ಕೆ ಅದೇ ಸರಿಯಾದ ದಾರಿ. ಬೆಂಗಳೂರಿನ ಕಾಲ್ ಸೆಂಟರಿನಲ್ಲಿ ಆ ರಾತ್ರಿ ಡಿ.ಬಿ. ಕುಪ್ಪೆಯಿಂದ ಫೋನು ಬಂದಿರುವುದಿಲ್ಲ.